ಇರುವೆ ಹತ್ತಿದ ಚೀಲ

ಜೂನ್ ೮

ಅಮ್ಮಾ,

ನಾವಿಬ್ಬರೂ ಕ್ಷೇಮ ಎಂದು ಬರೆಯಲು ಹೊರಟೆ. ಅರ್ಧ ಸುಳ್ಳಾಗುತ್ತದಲ್ಲ ಎಂದು ನಿಲ್ಲಿಸಿದೆ. ಗಾಬರಿಯಾಗಬೇಡ, ಕಾಗದ ಪೂರ್ತಿ ಓದು. ಮೊದಲ ಸಾಲು ಓದಿಯೇ ಅಳಲು ಕೂರುವವಳು ನೀನು.

ಮೊನ್ನೆ ಆಸ್ಪತ್ರೆಯಲ್ಲಿ ಒಂದು ಲೋಟ ಸಿಹಿ ನೀರು ಕುಡಿಸಿ, ಬೆಂಚಿನ ಮೇಲೆ ಕೂರಿಸಿ, ಆಮೇಲೆ ರಕ್ತ ತೆಗೆದರು. ಸಕ್ಕರೆ ಹೆಚ್ಚು ಬಂದಿದೆ. ಬಸಿರಿನಲ್ಲಿ ಕೆಲವರಿಗೆ ಹೀಗಾಗುತ್ತದಂತೆ. ಹೆರಿಗೆಯಾದ ಮೇಲೆ ಹೆಚ್ಚಿನವರಿಗೆ ಹೋಗಿಬಿಡುತ್ತದಂತೆ. ಅಲ್ಲಿಯವರೆಗೆ ಹದ್ದುಬಸ್ತಿನಲ್ಲಿ ಇಡದಿದ್ದರೆ ಮಗುವಿಗೆ ಒಳ್ಳೆಯದಲ್ಲ ಎಂದರು ಡಾಕ್ಟರು. ಒಳ್ಳೆಯದಲ್ಲ ಅಂದರೆ ಏನು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ನಿನ್ನ ಅಳಿಯ ಜೊತೆಗಿದ್ದಿದ್ದರೆ ಕೇಳುತ್ತಿದ್ದರು. ಗಾರ್ಡ್ ಸಾಹೇಬರು ಆ ಹೊತ್ತಿಗೆ ಯಾವುದೋ ಗೂಡ್ಸ್ ಗಾಡಿಯ ಕೊನೆಯ ಡಬ್ಬಿಯಲ್ಲಿ ಹಸಿರು ಬಾವುಟ ಹಿಡಿದು ಕೂತಿದ್ದರು.

ದಿನವಿಡೀ ಕೇಕಿನ ಮೇಲೆ ಸಕ್ಕರೆಯ ಹೂ ಬಿಡಿಸುವವಳಿಗೇ ಸಕ್ಕರೆ! ಬೇಕರಿಯಲ್ಲಿ ಸುದ್ದಿ ಹೇಳಿದಾಗ ನಮ್ಮ ಒಲೆಯಣ್ಣ, ಅದೇ ಬ್ರೆಡ್ ಬೇಯಿಸುವವನು, "ಹಂಗಾದ್ರೆ ನನಗೆ ಬೆಂಕಿ ಕಾಯಿಲೆ ಬರ್ಬೇಕಿತ್ತಲ್ಲವ್ವಾ" ಎಂದ. ನಕ್ಕೆ. ನಕ್ಕಾದ ಮೇಲೆ ಅಳು ಬಂತು.

ಈಗ ಕೇಳು. ನನಗೊಂದು ಪುಟ್ಟ ಯಂತ್ರ ಕೊಟ್ಟಿದ್ದಾರೆ. ಬೆರಳು ಚುಚ್ಚಿ ಒಂದು ಹನಿ ರಕ್ತ ಕೊಟ್ಟರೆ ಅಂಕಿ ತೋರಿಸುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಪ್ರತಿ ಊಟದ ಎರಡು ಗಂಟೆಯ ನಂತರ ಒಮ್ಮೆ. ಅಂಕಿ ತಾನಾಗಿಯೇ ನನ್ನ ಫೋನಿಗೆ ಹಾರುತ್ತದೆ, ಅಲ್ಲಿಂದ ಆಸ್ಪತ್ರೆಯಲ್ಲಿ ಕೂತಿರುವ ಒಬ್ಬ ನರ್ಸಿಗೆ. ಅವರು ಅಲ್ಲಿಂದಲೇ ಬರೆದು ಕಳಿಸುತ್ತಾರೆ: ಇಷ್ಟು ನಡೆಯಿರಿ, ಇಷ್ಟು ಉಣ್ಣಿರಿ, ಕೈ ತೊಳೆದಿರಾ. ಮನೆಯವರಲ್ಲಿ ಒಬ್ಬರ ನಂಬರನ್ನೂ ಸೇರಿಸಬಹುದು ಎಂದರು. ನಿನ್ನದನ್ನು ಸೇರಿಸಿದ್ದೇನೆ. ಗಿರಣಿಯ ಮಗ್ಗದ ಸದ್ದು ನಿನ್ನ ಕಿವಿ ತಿಂದ ಮೇಲೆ ನಾನು ಫೋನಿನಲ್ಲಿ ಎಷ್ಟು ಅರಚಿದರೂ ನಿನಗೆ ಗೊಯ್ ಅನ್ನುವುದಷ್ಟೇ ಕೇಳುತ್ತದೆ. ಇನ್ನು ಮೇಲೆ ನನ್ನ ಸುದ್ದಿ ದಿನಾ ಅಂಕಿಯಲ್ಲಿ ಬರುತ್ತದೆ, ಮಾತು ಕಾಗದದಲ್ಲಿ. ಸರಿಯಿದ್ದರೆ ಹಸಿರು, ಹೆಚ್ಚಿದ್ದರೆ ಕೆಂಪು. ಹಸಿರು ಬಂದರೆ ಚಹಾ ಕುಡಿ. ಕೆಂಪು ಬಂದರೂ ಕುಡಿ.

ನಿನ್ನ
ಇರುವೆ

ಜೂನ್ ೧೭

ಇರುವೇ,

ಕಾಗದ ಬಂತು. ಅಳಲಿಲ್ಲ. ಕೂತೆ, ಅಷ್ಟೇ.

ಫೋನು ಸೊಂಟದಲ್ಲಿ ನಡುಗಿದಾಗಲೆಲ್ಲ ಕೆಲಸ ಬಿಟ್ಟು ತೆಗೆದು ನೋಡುತ್ತೇನೆ. ನನ್ನನ್ನು ಈಗ ಬಿಳಿ ಬಟ್ಟೆ ಮಡಿಸುವ ಕಡೆ ಹಾಕಿದ್ದಾರೆ. ಅಲ್ಲಿ ಮೇಸ್ತ್ರಿಯದು ಒಂದು ಕಟ್ಟಪ್ಪಣೆ: ಬೇರೆ ಏನು ಮುಟ್ಟಿದರೂ ಕೈ ತೊಳೆಯಬೇಕು, ಸೀರೆಗೋ ಲಂಗಕ್ಕೋ ಒರೆಸದೆ ಗಾಳಿಯಲ್ಲೇ ಒಣಗಿಸಿಕೊಂಡು ಬಟ್ಟೆ ಮುಟ್ಟಬೇಕು. ಹಾಗಾಗಿ ನಿನ್ನ ಒಂದೊಂದು ಅಂಕಿ ನೋಡಿದಾಗಲೂ ನಾನು ನಲ್ಲಿಯ ಹತ್ತಿರ ಎರಡೂ ಕೈ ಮೇಲೆತ್ತಿ ನಿಂತಿರುತ್ತೇನೆ. ನೋಡಿದವರು ಇವಳು ಯಾರಿಗೆ ಶರಣಾದಳಪ್ಪ ಅಂದುಕೊಳ್ಳಬೇಕು.

ಬೆಳಗಿನದು ಹಸಿರಿನ ಅಂಚಿನಲ್ಲಿರುತ್ತದೆ. ಮಧ್ಯಾಹ್ನದ್ದು ಮಾತ್ರ ಯಾಕೆ ಕೆಂಪು? ಏನು ತಿನ್ನುತ್ತೀಯ? ಬರೆದು ತಿಳಿಸು, ಒಂದೂ ಮುಚ್ಚಿಡಬೇಡ. ಡಬ್ಬಿಯನ್ನು ಅಟ್ಟದ ಮೇಲಿಟ್ಟರೂ ಹತ್ತಿ ಸಕ್ಕರೆ ಮುಕ್ಕುತ್ತಿದ್ದವಳು ನೀನು. ಇರುವೆ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ.

ನನಗೆ ಇದರ ಭಯ ನಿನಗಿಂತ ಹೆಚ್ಚು. ಯಾಕೆಂದು ಬಂದಾಗ ಹೇಳುತ್ತೇನೆ. ಕೊನೆಯ ತಿಂಗಳಿಗೆ ರಜೆ ಕೇಳಿದ್ದೇನೆ, ಅದಕ್ಕೆ ಮೊದಲು ಗಿರಣಿಯವರು ಬಿಡುವುದಿಲ್ಲ.

ಅಮ್ಮ

ಜುಲೈ ೨

ಅಮ್ಮಾ,

ಮುಚ್ಚಿಡಲು ಏನಿದೆ? ನರ್ಸ್ ಹೇಳಿದಷ್ಟೇ ಊಟ, ಹೇಳಿದಷ್ಟೇ ಹೊತ್ತಿಗೆ. ಡಬ್ಬಿ ಬಿಚ್ಚಿದ ಕೂಡಲೇ ಊಟದ ಫೋಟೋ ತೆಗೆದು ಅವರಿಗೆ ಕಳಿಸುತ್ತೇನೆ. ಮದುವೆಯಲ್ಲೂ ನನ್ನ ಊಟಕ್ಕೆ ಇಷ್ಟು ಫೋಟೋ ತೆಗೆದಿರಲಿಲ್ಲ. ಉಂಡ ಮೇಲೆ ಬೇಕರಿಯ ಹಿಂದಿನ ಓಣಿಯಲ್ಲಿ ಅಡ್ಡಾಡುತ್ತೇನೆ. ಅಲ್ಲಿನ ನಾಯಿಗೆ ನಾನೀಗ ನೆಂಟಳಾಗಿದ್ದೇನೆ.

ಆದರೂ ಮಧ್ಯಾಹ್ನ ಕೆಂಪು. ಎರಡು ಗಂಟೆ ಕಳೆದಿದೆ ಎಂದು ಫೋನು ಕೂಗುತ್ತದೆ. ಕೇಕನ್ನು ಅರ್ಧಕ್ಕೆ ಬಿಟ್ಟು ನಲ್ಲಿಯಲ್ಲಿ ಕೈ ತೊಳೆದು ಬರುತ್ತೇನೆ, ಬೆರಳು ಚುಚ್ಚುತ್ತೇನೆ, ಕಣ್ಣು ಮುಚ್ಚಿಕೊಳ್ಳುತ್ತೇನೆ. ಕಣ್ಣು ಬಿಟ್ಟರೆ ನೂರ ಅರವತ್ತು, ನೂರ ಎಪ್ಪತ್ತು. ನೂರ ಇಪ್ಪತ್ತು ದಾಟಬಾರದು. ಕೂಡಲೇ ನರ್ಸಿನ ಸಂದೇಶ: ಕೈ ತೊಳೆದಿರಾ? ತೊಳೆದೆ. ಏನು ತಿಂದಿರಿ? ಫೋಟೋದಲ್ಲಿ ಇರುವುದೇ. ಅವರು ಒಳ್ಳೆಯವರು ಅಮ್ಮ, ಒಂದು ದಿನವೂ ಗದರಿಲ್ಲ. ಆದರೆ ಸುಮ್ಮನಾಗುತ್ತಾರೆ ನೋಡು, ಅದು ಗದರಿದ್ದಕ್ಕಿಂತ ಕಷ್ಟ.

ಈ ವಾರದಿಂದ ಮಲಗುವ ಮುಂಚೆ ಒಂದು, ಮಧ್ಯಾಹ್ನದ ಊಟಕ್ಕೆ ಮೊದಲು ಒಂದು ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಮೊದಲ ಸಲ ನಿನ್ನ ಅಳಿಯ ಪಕ್ಕದಲ್ಲಿ ನಿಂತು ಧೈರ್ಯ ಹೇಳುತ್ತಿದ್ದರು. ಸೂಜಿ ಹೊರಗೆ ತೆಗೆದೆ, ಅವರು ಕುರ್ಚಿ ಹುಡುಕಿದರು.

ಮಗು ಒದೆಯುತ್ತದೆ. ಕೆಂಪು ಬಂದ ದಿನ ಒದ್ದರೆ ಬೈದ ಹಾಗೆ ಅನ್ನಿಸುತ್ತದೆ.

ನಿನ್ನ ಇರುವೆ

ಜುಲೈ ೧೪

ಮಗಳೇ,

ಇದನ್ನು ಫೋನಿನಲ್ಲೇ ಬರೆಯಬಹುದಿತ್ತು. ಆದರೆ ಅಲ್ಲಿ ನಾನು ಬರೆದದ್ದೆಲ್ಲ ಬೈಗುಳದ ಹಾಗೆ ಕಾಣುತ್ತದೆ. ಕಾಗದವಾದರೆ ಒಂದಿಷ್ಟು ಸುತ್ತಿ ಹೇಳಬಹುದು. ಈಗ ನೋಡಿದರೆ ಸುತ್ತಿ ಹೇಳಲೂ ಬರುತ್ತಿಲ್ಲ.

ನಾನು ನಿನ್ನ ಅಂಕಿಗಳನ್ನೆಲ್ಲ ಹಿಂದಕ್ಕೆ ಸರಿಸಿ ಸರಿಸಿ ನೋಡಿದೆ. ಸೋಮವಾರ ನಿನಗೆ ರಜೆ. ಸೋಮವಾರ ಮಧ್ಯಾಹ್ನ ಹಸಿರು. ಮಂಗಳವಾರ ಕೆಲಸಕ್ಕೆ ಹೋಗುತ್ತೀಯ, ಕೆಂಪು. ಶನಿವಾರ, ಕೇಕು ಹೆಚ್ಚು ಹೋಗುವ ದಿನ, ಎಲ್ಲಕ್ಕಿಂತ ಕೆಂಪು. ಪ್ರತಿ ವಾರವೂ ಹೀಗೆಯೇ. ಮನೆಯಲ್ಲಿ ಉಂಡರೆ ಸರಿ ಇರುವ ಸಕ್ಕರೆ ಬೇಕರಿಯಲ್ಲಿ ಯಾಕೆ ಏರುತ್ತದೆ? ಜೇನು ಕಿತ್ತವನು ಕೈ ನೆಕ್ಕದೆ ಇರುತ್ತಾನೆಯೇ? ಹದ ನೋಡಲು ಒಂದು ಬೆರಳು, ಅಂಚು ಕತ್ತರಿಸುವಾಗ ಒಂದು ಚೂರು. ನೀನು ಬೇಕೆಂದು ಮಾಡುತ್ತೀಯ ಎನ್ನುವುದಿಲ್ಲ. ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಆದರೆ ತಿಂದು ಇಲ್ಲ ಎನ್ನಬೇಡ.

ಬಂದಾಗ ಹೇಳುತ್ತೇನೆ ಎಂದದ್ದನ್ನು ಈಗಲೇ ಹೇಳುತ್ತೇನೆ. ನಿನಗಿಂತ ಮೊದಲು ನನಗೆ ಒಂದು ಗಂಡುಮಗು ಹುಟ್ಟಿತ್ತು. ಅವನ ಗಾತ್ರ ನೋಡಿ ಸೂಲಗಿತ್ತಿ "ಆನೆಮರಿ, ಆನೆಮರಿ" ಎಂದು ಕುಣಿದಳು. ಬಂದವರೆಲ್ಲ ನನ್ನ ಕೈ ಹಿಡಿದು ಪುಣ್ಯವಂತೆ ಎಂದರು. ಮಾರನೆಯ ದಿನ ಮಗು ಹಾಲು ಕುಡಿಯಲಿಲ್ಲ. ನಡುಗಿತು, ಆಮೇಲೆ ಮೆತ್ತಗಾಯಿತು, ಉಳಿಯಲಿಲ್ಲ. ಇದು ಸಕ್ಕರೆಯಿಂದ ಇರಬಹುದು ಎಂದು ನನಗೆ ತಿಳಿದದ್ದು ನಿನ್ನ ಜೂನ್ ತಿಂಗಳ ಕಾಗದ ಬಂದ ಮೇಲೆ, ಗಿರಣಿಯ ಡಾಕ್ಟರನ್ನು ಕೇಳಿದಾಗ. ತಾಯಿಗೆ ಸಕ್ಕರೆ ಹೆಚ್ಚಿದ್ದರೆ ಮಗು ಹೊಟ್ಟೆಯಲ್ಲಿ ದಪ್ಪಗೆ ಬೆಳೆದು, ಹುಟ್ಟಿದ ಮೇಲೆ ಅದರ ಸಕ್ಕರೆ ಒಮ್ಮೆಲೇ ಇಳಿದುಬಿಡುತ್ತದಂತೆ.

ಇಷ್ಟು ಹೇಳಿದ ಮೇಲೂ ನಿನ್ನ ಕೈ ಬಾಯಿಗೆ ಹೋದರೆ, ನಾನು ಇನ್ನೇನು ಹೇಳಲಿ?

ಅಮ್ಮ

ಜುಲೈ ೨೨

ಅಮ್ಮ,

ಅಣ್ಣನ ವಿಷಯ ಓದಿದೆ. ಇಷ್ಟು ವರ್ಷ ಒಬ್ಬಳೇ ಇಟ್ಟುಕೊಂಡಿದ್ದೆಯಲ್ಲ. ಅದನ್ನು ಓದಿ ಅತ್ತೆ.

ಉಳಿದದ್ದನ್ನು ಓದಿ ಅಳು ನಿಂತುಹೋಯಿತು. ನಾನು ತಿಂದಿಲ್ಲ. ಒಂದು ಬೆರಳೂ ಇಲ್ಲ, ಒಂದು ಚೂರೂ ಇಲ್ಲ. ಕ್ರೀಮಿನ ಹದವನ್ನು ಒಲೆಯಣ್ಣನೇ ನೋಡಿ ಹೇಳುತ್ತಾನೆ. ಅವನ ಹೊಟ್ಟೆ ನನ್ನದಕ್ಕಿಂತ ಮುಂದೆ ಬಂದಿದೆ. ನನ್ನ ಹೊಟ್ಟೆಯಲ್ಲಿರುವ ಮಗುವಿನ ಬಗ್ಗೆ ನಾನು ನಿನಗೆ ಸುಳ್ಳು ಹೇಳುತ್ತೇನೆ ಎಂದು ನಿನಗೆ ಅನ್ನಿಸಿತಲ್ಲ, ಅದು ಸಾಕು. ಯಂತ್ರದ ಮಾತು ನಿಜ, ಮಗಳ ಮಾತು ಸುಳ್ಳು. ಆಗಲಿ. ನಿನ್ನ ನಂಬರನ್ನು ತೆಗೆದಿದ್ದೇನೆ. ಸುಳ್ಳಿಯ ಅಂಕಿ ನಿನಗೇಕೆ?

ನರ್ಸ್ ಡಾಕ್ಟರರನ್ನು ಕೇಳಿ ಮಧ್ಯಾಹ್ನದ ಡೋಸ್ ಹೆಚ್ಚಿಸಿದ್ದಾರೆ. ಊಟವನ್ನು ನಾನೇ ಅರ್ಧ ಮಾಡಿದ್ದೇನೆ. ಫೋಟೋ ತೆಗೆದ ಮೇಲೆ ಅರ್ಧ ಪಕ್ಕಕ್ಕಿಡುತ್ತೇನೆ, ಇದನ್ನು ಅವರಿಗೂ ಹೇಳಿಲ್ಲ. ಆದರೂ ಕೆಂಪೇ. ಮಧ್ಯಾಹ್ನದ ಮೇಲೆ ಕೈ ನಡುಗುತ್ತದೆ, ಹೂವಿನ ಎಸಳು ಸೊಟ್ಟಗೆ ಬೀಳುತ್ತವೆ. ಸಕ್ಕರೆ ಹೆಚ್ಚಾಗಿಯೇ ಇರಬೇಕು ಎಂದು ನೀರು ಕುಡಿದು ಸುಮ್ಮನಿರುತ್ತೇನೆ. ಏಪ್ರನ್ನಿನ ಜೇಬಿನಲ್ಲಿಟ್ಟ ಯಂತ್ರದ ಚೀಲಕ್ಕೂ ಇರುವೆ ಹತ್ತಿವೆ, ನಿಜವಾದ ಇರುವೆ. ನನ್ನ ನೆಂಟರು ಎಂದು ನೀನು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ನಿನ್ನ ಮಗಳು

ಆಗಸ್ಟ್ ೧

ಇರುವೇ,

ಫೋನು ನಡುಗುವುದಿಲ್ಲ. ಬ್ಯಾಟರಿ ಹೋಗಿರಬೇಕು ಎಂದು ಎರಡು ಸಲ ಅಂಗಡಿಯವನಿಗೆ ತೋರಿಸಿದೆ. "ಫೋನು ಚೆನ್ನಾಗಿದೆ ಅಮ್ಮ, ಯಾರೂ ಕಳಿಸ್ತಿಲ್ಲ ಅಷ್ಟೇ" ಅಂದ. ನನಗೇನು ಗೊತ್ತಿರಲಿಲ್ಲವೇ? ಆದರೂ ತೋರಿಸಿದೆ.

ಕೆಂಪಾದರೂ ಬರುತ್ತಿತ್ತು. ಬಂದರೆ ನೀನು ಎದ್ದಿದ್ದೀಯ, ಉಂಡಿದ್ದೀಯ, ನಿನ್ನ ಬೆರಳಿನಲ್ಲಿ ರಕ್ತ ಇದೆ ಎಂದಾದರೂ ತಿಳಿಯುತ್ತಿತ್ತು. ಈಗ ಏನೂ ಇಲ್ಲ. ನನ್ನ ಮಾತು ಹೆಚ್ಚಾಯಿತು. ತಿಂದಿರು, ತಿನ್ನದಿರು, ಅಂಕಿ ಕಳಿಸು.

ಅಮ್ಮ

ಆಗಸ್ಟ್ ೯

ಮಗಳೇ,

ಈ ಕಾಗದ ಕೈಗೆ ಬರುವ ಮೊದಲೇ ಇದರ ತಿರುಳನ್ನು ಫೋನಿನಲ್ಲಿ ಬರೆದು ಕಳಿಸಿದ್ದೇನೆ: "ಏಪ್ರನ್‌ಗೆ ಕೈ ಒರೆಸ್ಬೇಡ. ತೊಳ್ದು ಗಾಳೀಲಿ ಒಣಗಿಸ್ಕೊಂಡು ಇನ್ನೊಂದ್ಸಲ ಚುಚ್ಚಿ ನೋಡು." ಓದಿದ ಗುರುತು ಬಂತು. ಉತ್ತರ ಬರಲಿಲ್ಲ. ನಿನ್ನ ಗಂಡನಿಗೂ ಕಳಿಸಿದೆ, ಅದಕ್ಕೆ ಓದಿದ ಗುರುತೂ ಇಲ್ಲ. ಸಿಗ್ನಲ್ ಇಲ್ಲದ ಕಡೆ ಇರಬೇಕು. ಅದಕ್ಕೇ ಇದನ್ನೂ ಬರೆಯುತ್ತಿದ್ದೇನೆ. ಯಾವುದಾದರೂ ಒಂದು ತಲುಪಲಿ.

ಇವತ್ತು ಮಡಿಸುವ ಮೇಜಿನ ಹತ್ತಿರ ಹೊಸದಾಗಿ ಬಂದ ಹೆಂಗಸೊಬ್ಬಳು ಬಿಳಿ ಬಟ್ಟೆಯ ಥಾನಿನ ಮೇಲೆ ಐದು ಬೆರಳಿನ ಕಲೆ ಮಾಡಿದಳು. ಮೇಸ್ತ್ರಿ ರೇಗಿದ. "ಆಣೆ ಮಾಡಿ ಹೇಳ್ತೀನಿ, ಈಗಿನ್ನೂ ಕೈ ತೊಳ್ಕೊಂಡ್ ಬಂದೆ" ಎಂದು ಅವಳು ಅತ್ತಳು. ಅವಳ ಸೊಂಟಕ್ಕೆ ಕಟ್ಟಿದ ಬಟ್ಟೆ ನೋಡಿದೆ. ಅದರ ತುಂಬ ಎಣ್ಣೆ. ಕೈ ತೊಳೆದದ್ದು ನಿಜ, ತೊಳೆದ ಕೈಯನ್ನು ಅದಕ್ಕೇ ಒರೆಸಿಕೊಂಡಿದ್ದಳು. ಅವಳು ಸುಳ್ಳು ಹೇಳಿರಲಿಲ್ಲ.

ಅಲ್ಲೇ ನಿಂತವಳಿಗೆ ನಿನ್ನ ಚೀಲದ ನೆನಪು ಬಂತು. ಇರುವೆ ರಕ್ತಕ್ಕೆ ಬರುವುದಿಲ್ಲ, ಯಂತ್ರಕ್ಕೂ ಬರುವುದಿಲ್ಲ. ಸಕ್ಕರೆಗೆ ಬರುತ್ತದೆ. ನಿನ್ನ ಏಪ್ರನ್ನಿನಲ್ಲಿ ಪುಡಿಸಕ್ಕರೆ ಇದೆ. ಕೈ ತೊಳೆದು ಅದಕ್ಕೆ ಒರೆಸಿ, ಆ ಬೆರಳನ್ನೇ ಚುಚ್ಚಿದರೆ, ಯಂತ್ರ ತೋರಿಸುವುದು ನಿನ್ನ ರಕ್ತದ ಸಕ್ಕರೆಯನ್ನೋ ಏಪ್ರನ್ನಿನ ಸಕ್ಕರೆಯನ್ನೋ?

ಇದು ನನ್ನ ಊಹೆ. ತಪ್ಪಿದ್ದರೂ ಇರಬಹುದು. ಆದರೆ ಸರಿಯಿದ್ದರೆ, ಮಗಳೇ, ನಿನಗೆ ಇಲ್ಲದ ಸಕ್ಕರೆಗೆ ನೀನು ಔಷಧ ಚುಚ್ಚಿಕೊಳ್ಳುತ್ತಿದ್ದೀಯ. ಊಟವನ್ನೂ ಅರ್ಧ ಮಾಡಿದ್ದೀಯ. ಕೈ ನಡುಗುತ್ತದೆ ಎಂದು ಬರೆದಿದ್ದೆಯಲ್ಲ, ನಿನ್ನ ಅಣ್ಣನೂ ಮೊದಲು ನಡುಗಿದ್ದ. ನನ್ನ ಮೇಲೆ ಸಿಟ್ಟಿದ್ದರೆ ಇರಲಿ. ಸಿಟ್ಟು ಇಟ್ಟುಕೊಂಡೇ ಕೈ ಒಣಗಿಸಿಕೋ. ನರ್ಸಿಗೆ ಎಲ್ಲ ಹೇಳು, ಪಕ್ಕಕ್ಕಿಟ್ಟ ಊಟವನ್ನೂ.

ಅಮ್ಮ

ಆಗಸ್ಟ್ ೧೩

ಅಮ್ಮಾ,

ನಾನು ಇದ್ದೇನೆ. ಮಗುವೂ ಇದೆ, ಈಗ ಬರೆಯುವಾಗಲೂ ಒದೆಯುತ್ತಿದೆ. ನೀನು ಇದನ್ನು ಮೊದಲು ಓದಲಿ ಎಂದು ಮೊದಲೇ ಬರೆದೆ.

ನಿನ್ನ ಸಂದೇಶ ಓದಿದಾಗ ಮೈ ಉರಿಯಿತು. ತಿನ್ನುವುದಕ್ಕೆ ಬೈದಾಯಿತು, ಈಗ ಕೈ ಒರೆಸುವುದಕ್ಕೂ ಬಂದಳು ಅಂದುಕೊಂಡು ಫೋನನ್ನು ಜೇಬಿಗೆ ಹಾಕಿದೆ. ಮಾರನೆಯ ದಿನ ಶನಿವಾರ. ಸೂಜಿ ಹಾಕಿಕೊಂಡೆ, ಅರ್ಧ ಉಂಡೆ, ಮೂರು ಅಂತಸ್ತಿನ ಕೇಕಿಗೆ ಬಳ್ಳಿ ಎಳೆಯುತ್ತಿದ್ದೆ. ಬಳ್ಳಿ ಎರಡೆರಡಾಗಿ ಕಂಡಿತು. ಬೆವರು ಕಿತ್ತುಕೊಂಡು ಬಂತು. ಹಿಂದೆ ಸರಿದು ಮೂಟೆಯ ಮೇಲೆ ಕುಳಿತೆ. ಒಲೆಯಣ್ಣ ಓಡಿ ಬಂದು, "ಏನಾದ್ರೂ ತಿನ್ನವ್ವಾ, ಮುಖ ಸುಣ್ಣ ಆಗಿದೆ" ಎಂದ. ನಡುಗುವ ಕೈಯಲ್ಲೇ ತೊಳೆದು, ಒರೆಸಿ, ಚುಚ್ಚಿದೆ. ನೂರ ಎಪ್ಪತ್ತೆಂಟು. "ತಿನ್ನಂಗಿಲ್ಲ ಅಣ್ಣ, ಆಗ್ಲೇ ಜಾಸ್ತಿ ಇದೆ" ಎಂದೆ.

ಅಮ್ಮ, ನಾನು ಕುಳಿತದ್ದು ಸಕ್ಕರೆ ಮೂಟೆಯ ಮೇಲೆ. ಅದರ ಮೇಲೆ ಕುಳಿತು ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳಲು ಹೆದರುತ್ತಿದ್ದೆ. ತಲೆ ಬಗ್ಗಿತು. ಕಣ್ಣಿಗೆ ಬಿದ್ದದ್ದು ಏಪ್ರನ್. ಅದರ ಮೇಲೆ ನನ್ನ ಒದ್ದೆ ಕೈಯ ಗುರುತು, ಗುರುತಿನ ಸುತ್ತ ಬಿಳಿ ಪುಡಿ. ಆಗ ನಿನ್ನ ಬೈಗುಳ ನೆನಪಾಯಿತು.

"ಅಣ್ಣ, ಕೈಗೆ ನೀರು ಹಾಕು, ಒರೆಸ್ಬೇಡ" ಎಂದೆ. ಅವನು ಒಂದು ಚೊಂಬು ನೀರು ಸುರಿದು, ರಟ್ಟಿನ ಪೆಟ್ಟಿಗೆಯ ಮುಚ್ಚಳದಿಂದ ನನ್ನ ಬೆರಳಿಗೆ ಗಾಳಿ ಹಾಕಿದ. ಇನ್ನೊಂದು ಸಲ ಚುಚ್ಚಿದೆ. ಐವತ್ತನಾಲ್ಕು. ಎಪ್ಪತ್ತಕ್ಕಿಂತ ಕೆಳಗೆ ಹೋದರೆ ಕೂಡಲೇ ಸಕ್ಕರೆ ತಿನ್ನಬೇಕು ಎಂದು ಮೊದಲ ದಿನವೇ ಹೇಳಿದ್ದರು. ಅದು ನನಗೆ ಎಂದೂ ಬೇಕಾಗದ ಮಾತು ಎಂದುಕೊಂಡಿದ್ದೆ. ಕೂತಲ್ಲೇ ಮೂಟೆಗೆ ಕೈ ಹಾಕಿ ಮುಕ್ಕಿದೆ. ನಿನ್ನ ಅಟ್ಟದ ಡಬ್ಬಿಯಲ್ಲಿ ಮುಕ್ಕಿದ್ದಕ್ಕಿಂತ ಹೆಚ್ಚು. ಮಗು ಎಷ್ಟೋ ಹೊತ್ತು ಅಲುಗಲಿಲ್ಲ. ಆ ಹೊತ್ತಿನ ಬಗ್ಗೆ ಬರೆಯಲಾರೆ. ಆಮೇಲೆ ಒದೆಯಿತು. ನಾನೂ ಒಲೆಯಣ್ಣನೂ ಒಬ್ಬರನ್ನೊಬ್ಬರು ನೋಡಿಕೊಂಡು ಅತ್ತೆವು. ಬ್ರೆಡ್ ಕರಕಲಾಯಿತು.

ಆಸ್ಪತ್ರೆಗೆ ಕರೆದು ನೋಡಿದರು, ಮಗು ಚೆನ್ನಾಗಿದೆ. ಮಧ್ಯಾಹ್ನದ ಸೂಜಿ ನಿಲ್ಲಿಸಿದ್ದಾರೆ. ಮಲಗುವ ಮುಂಚಿನದು ಉಳಿದಿದೆ. ಸಕ್ಕರೆ ಇರುವುದು ನಿಜವೇ, ಏಪ್ರನ್ ಹೇಳಿದಷ್ಟಿಲ್ಲ. ಪಕ್ಕಕ್ಕಿಟ್ಟ ಊಟದ ವಿಷಯವನ್ನೂ ನರ್ಸಿಗೆ ಹೇಳಿದೆ. ಆ ದಿನ ಅವರು ಗದರಿದರು, ನನಗೆ ಸಮಾಧಾನವಾಯಿತು. ಈಗ ಅವರ ಸಂದೇಶದಲ್ಲಿ ಒಂದು ಪ್ರಶ್ನೆ ಹೆಚ್ಚಾಗಿದೆ. ಕೈ ತೊಳೆದಿರಾ? ಯಾವುದಕ್ಕೆ ಒರೆಸಿದಿರಿ?

ನೀನು ಮಗಳನ್ನು ಬಿಟ್ಟು ಯಂತ್ರ ನಂಬಿದೆ ಎಂದು ನಾನು ಹಾರಾಡಿದೆ. ಮೈ ಬೆವರಿ, ಕಣ್ಣು ಕತ್ತಲಿಟ್ಟರೂ ನಾನು ನಂಬಿದ್ದು ಅದನ್ನೇ. ತಾಯಿಯಂತೆ ಮಗಳು ಎಂದು ಸುಮ್ಮನೆ ಹೇಳುತ್ತಾರೆಯೇ?

ನಿನ್ನ ನಂಬರನ್ನು ಮತ್ತೆ ಸೇರಿಸಿದ್ದೇನೆ. ಬೇಗ ಬಾ ಅಮ್ಮ. ನನಗೆ ಭಯ ಹೋಗಿಲ್ಲ. ಈಗ ಹಸಿರು ಬಂದರೂ ಇದು ನಿಜವೇ ಎಂದು ಇನ್ನೊಂದು ಬೆರಳು ಚುಚ್ಚಬೇಕು ಅನ್ನಿಸುತ್ತದೆ.

ನಿನ್ನ ಇರುವೆ

ಆಗಸ್ಟ್ ೩೦

ಇರುವೇ,

ಇದನ್ನು ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿದರೆ ರಸ್ತೆಯನ್ನು ಬೈದುಕೋ. ಕಾಗದ ಟಪಾಲಿಗೆ ಹಾಕುವುದಿಲ್ಲ, ನಾನೇ ಕೈಯಲ್ಲಿ ಕೊಡುತ್ತೇನೆ. ಸುಮ್ಮನೆ ಕೂರಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮುಂದಿನ ವಾರದ ರಜೆಗೆ ಬಟ್ಟೆ ಜೋಡಿಸಿಟ್ಟಿದ್ದೆ. ಇವತ್ತು ಬೆಳಿಗ್ಗೆ ಮೇಜಿನ ಹತ್ತಿರ ಫೋನು ನಡುಗಿತು. ಇದು ನಿನ್ನ ಅಂಕಿ ಬರುವ ಹೊತ್ತಲ್ಲ. ನೋಡಿದೆ. ಐವತ್ತೆಂಟು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಇತ್ತು. ಕನ್ನಡಕ ಚೀಲದಲ್ಲಿತ್ತು. ತೆಗೆಯಲು ಯಾರಿಗೆ ಪುರಸೊತ್ತು? ಎಪ್ಪತ್ತಕ್ಕಿಂತ ಕಡಿಮೆ ಎನ್ನುವುದೊಂದೇ ತಲೆಯಲ್ಲಿ. ನೀನು ಮತ್ತೆ ಎಲ್ಲೋ ಮೂಟೆಯ ಮೇಲೆ ಬಿದ್ದಿದ್ದೀಯ, ಯಾರೂ ಹತ್ತಿರ ಇಲ್ಲ ಎಂದು ಕಣ್ಣಿಗೆ ಕಟ್ಟಿತು. ಮೇಸ್ತ್ರಿಗೆ "ಮಗಳು" ಎಂದಷ್ಟೇ ಹೇಳಿದೆ. ಉಟ್ಟ ಬಟ್ಟೆಯಲ್ಲೇ ಓಡಿ ಸಿಕ್ಕಿದ ಬಸ್ಸು ಹತ್ತಿದೆ. ಟಿಕೆಟ್ಟಿಗೆ ಚೀಲಕ್ಕೆ ಕೈ ಹಾಕಿದಾಗ ಕನ್ನಡಕ ಸಿಕ್ಕಿತು.

ನೀನು ಬರೆದಿದ್ದೆ: "ಇದು ನನ್ನದಲ್ಲ ಅಮ್ಮ. ರಾತ್ರಿ ಹೆರಿಗೆಯಾಯಿತು, ಇದು ಮಗುವಿನ ಹಿಮ್ಮಡಿಯದು. ನಾನೇ ಬರೆದು ಸೇರಿಸಿದೆ. ಹುಟ್ಟಿದ ಮಕ್ಕಳಿಗೆ ಇಷ್ಟಿದ್ದರೆ ಸಾಕಂತೆ. ಹಾಲು ಕುಡಿಯುತ್ತಿದ್ದಾಳೆ."

ಕುಡಿಯುತ್ತಿದ್ದಾಳೆ. ನಾಲ್ಕು ಸಲ ಓದಿದೆ. ಪಕ್ಕದವಳು "ಏನಮ್ಮ, ಕೆಟ್ಟ ಸುದ್ದಿನಾ?" ಎಂದು ಬಾಯಿ ಆಡಿಸಿದಳು. ಫೋನನ್ನು ಅವಳ ಕೈಗೆ ಕೊಟ್ಟೆ. ಓದಿ ಅವಳೂ ಕಣ್ಣೊರೆಸಿಕೊಂಡಳು. ಗುರುತಿಲ್ಲ, ಪರಿಚಯವಿಲ್ಲ.

ನಿನ್ನ ಅಣ್ಣನ ಹಿಮ್ಮಡಿಗೆ ಯಾರೂ ಸೂಜಿ ಚುಚ್ಚಲಿಲ್ಲ. ಹಾಗೆ ಚುಚ್ಚಿ ನೋಡಬೇಕು ಎಂದು ಅಲ್ಲಿದ್ದ ಒಬ್ಬರಿಗೂ ಗೊತ್ತಿರಲಿಲ್ಲ. ಎಲ್ಲರೂ ಅವನ ಕೆನ್ನೆಯನ್ನೇ ನೋಡಿದರು. ಇವಳ ಹಿಮ್ಮಡಿಯನ್ನು ಒರೆಸಿ, ಚುಚ್ಚಿ, ಅಂಕಿ ನೋಡಿ, ಅದು ಇಷ್ಟು ದೂರದ ಕಿವುಡಿ ಅಜ್ಜಿಗೂ ಗೊತ್ತಾಯಿತು. ಇವಳು ಅತ್ತದ್ದು ನನಗೆ ಫೋನಿನಲ್ಲಿ ಕೇಳುತ್ತಿರಲಿಲ್ಲ ಮಗಳೇ. ಇವಳ ಮೊದಲ ಮಾತು ನನಗೆ ತಲುಪಿದ್ದು ಐವತ್ತೆಂಟು ಎಂದು.

ಬಸ್ಸು ನಿಮ್ಮ ಊರಿನ ಸೇತುವೆ ದಾಟುತ್ತಿದೆ. ಇದೊಂದನ್ನು ಫೋನಿನಲ್ಲೂ ಬರೆದು ಕಳಿಸುತ್ತೇನೆ: ಆಸ್ಪತ್ರೆಯ ನಲ್ಲಿ ಎಲ್ಲಿದೆ ಎಂದು ಯಾರನ್ನಾದರೂ ಕೇಳಿಟ್ಟಿರು. ಬಾಗಿಲಲ್ಲಿ ಒಬ್ಬ ಮುದುಕಿ ಎರಡೂ ಕೈ ಮೇಲೆತ್ತಿ ನಿಂತಿದ್ದರೆ ಹುಚ್ಚಿ ಎಂದು ಓಡಿಸಬೇಡಿ ಅಂತ ನರ್ಸಿಗೆ ಹೇಳು. ಕೈ ಒಣಗಿದ ಕೂಡಲೇ ಮಗುವನ್ನು ಎತ್ತಿಕೊಳ್ಳುತ್ತೇನೆ.

ಅಮ್ಮ